ಹೋಯಿತೋ, ಬಂತೋ, ನಡುವೆ ನಿಂತಿತೋ?

2023ರ ಸೆಪ್ಟೆಂಬರ್ 9ರ ಮಧ್ಯಾಹ್ನ ಚೆನ್ನೈನ ಬಾಡಿಗೆ ಕಾರಿನ ಚಾಲಕರೊಬ್ಬರ ಮೊಬೈಲಿಗೆ ಒಂದು ಸಂದೇಶ ಬಂತು. ಅವರ ಖಾತೆಗೆ 9,000 ಕೋಟಿ ರೂಪಾಯಿ ಜಮಾ ಆಗಿತ್ತು. ಅಲ್ಲಿಯವರೆಗೆ ಆ ಖಾತೆಯಲ್ಲಿ ಇದ್ದದ್ದು 105 ರೂಪಾಯಿ. ಯಾರೋ ಆಟ ಆಡಿಸುತ್ತಿದ್ದಾರೆ ಅಂದುಕೊಂಡ ಅವರು, ನಿಜವೋ ಸುಳ್ಳೋ ನೋಡೇಬಿಡೋಣ ಎಂದು ಗೆಳೆಯನಿಗೆ 21,000 ರೂಪಾಯಿ ಕಳಿಸಿದರು. ಹೋಯಿತು! ಅರ್ಧ ಗಂಟೆ ಕಳೆಯುವಷ್ಟರಲ್ಲಿ ಉಳಿದ ಹಣವನ್ನೆಲ್ಲ ಬ್ಯಾಂಕು ವಾಪಸ್ ಎಳೆದುಕೊಂಡಿತು. ಅದು ತೂತ್ತುಕುಡಿಯಲ್ಲಿ ಕೇಂದ್ರ ಕಚೇರಿ ಇರುವ ತಮಿಳ್ನಾಡ್ ಮರ್ಕಂಟೈಲ್ ಬ್ಯಾಂಕ್. ಆಗ ಅದರ ಒಟ್ಟು ಠೇವಣಿಯೇ 50,000 ಕೋಟಿಗಿಂತ ಕಡಿಮೆ. ಅಂದರೆ ಬ್ಯಾಂಕಿನ ಠೇವಣಿಯ ಐದನೆಯ ಒಂದು ಪಾಲಿಗೆ ಹತ್ತಿರವಾಗುವಷ್ಟು ಮೊತ್ತ ಒಬ್ಬ ಚಾಲಕರ ಖಾತೆಗೆ ಬಂದು ಹೋಯಿತು!

ಚೆನ್ನೈಗೆ ಇದು ಹೊಸದೇನಲ್ಲ. ಅದಕ್ಕೂ ಹಿಂದಿನ ವರ್ಷ, 2022ರ ಮೇ ಕೊನೆಯಲ್ಲಿ, ಎಚ್‌ಡಿಎಫ್‌ಸಿ ಬ್ಯಾಂಕಿನ ಟಿ. ನಗರ ಶಾಖೆಯ ಸುಮಾರು ನೂರು ಗ್ರಾಹಕರಿಗೆ ತಲಾ 13 ಕೋಟಿ ರೂಪಾಯಿ ಬಂದಿದೆ ಎಂಬ ಸಂದೇಶ ಹೋಗಿತ್ತು. ತಂತ್ರಾಂಶದ ದೋಷ ಎಂದು ಬ್ಯಾಂಕು ಹೇಳಿತು. ಖಾತೆಗಳನ್ನು ತಡೆಹಿಡಿದು ಸರಿಪಡಿಸಿದರು. ಆ ವಾರ ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಚೇರಿಗಳ ಕ್ಯಾಂಟೀನುಗಳಲ್ಲಿ ಇದೇ ಮಾತು, ಇದೇ ನಗು. ನಾನೂ ನಕ್ಕೆ. ಆದರೆ ತಂತ್ರಾಂಶ ಪರೀಕ್ಷಿಸುವುದೇ ಹೊಟ್ಟೆಪಾಡಾಗಿರುವ ನನ್ನಂಥವನಿಗೆ ಈ ಕಥೆಗಳಲ್ಲಿ ಕಾಡುವುದು ಕೋಟಿಗಳ ಲೆಕ್ಕವಲ್ಲ, ಆ ‘ಅರ್ಧ ಗಂಟೆ’. ಬ್ಯಾಂಕಿನ 9,000 ಕೋಟಿ ಅರ್ಧ ಗಂಟೆಯಲ್ಲಿ ಮನೆ ಸೇರುತ್ತದೆ. ನಮ್ಮ ನಿಮ್ಮ 900 ರೂಪಾಯಿ ದಾರಿ ತಪ್ಪಿದರೆ ಎಷ್ಟು ದಿನ ಬೇಕು?

ಪಶ್ಚಿಮ ಮಾಂಬಲಂನ ನಮ್ಮ ಕಟ್ಟಡದಲ್ಲಿ ಮೈಸೂರು ಕಡೆಯ ಅಜ್ಜಿಯೊಬ್ಬರಿದ್ದಾರೆ. ಯಜಮಾನರ ಪಿಂಚಣಿಯಲ್ಲಿ ಒಬ್ಬರೇ ಬದುಕು ನಡೆಸುವವರು. ಮೊಬೈಲಿನಲ್ಲಿ ಹಣ ಕೊಡುವುದನ್ನು ಮೊಮ್ಮಗಳಿಂದ ಕಲಿತು, ತರಕಾರಿಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ತಾವೇ ಕಟ್ಟುತ್ತಾರೆ. ಒಂದು ತಿಂಗಳ ಕೊನೆಯಲ್ಲಿ ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ತೆಗೆದುಕೊಂಡು ಕ್ಯೂಆರ್ ಸ್ಕ್ಯಾನ್ ಮಾಡಿದ್ದಾರೆ. ಖಾತೆಯಿಂದ ಹಣ ಕಡಿತವಾಗಿದೆ. ಅಂಗಡಿಯ ಮಾತಾಡುವ ಡಬ್ಬಿ ಮಾತ್ರ ಬಾಯಿ ಬಿಟ್ಟಿಲ್ಲ. ಮೊಬೈಲಿನ ಪರದೆಯ ಮೇಲೆ ಹಳದಿ ಬಣ್ಣದ ಗಡಿಯಾರದ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ‘ಪೆಂಡಿಂಗ್’. ಅಂಗಡಿಯವರು ಒಳ್ಳೆಯವರೇ, ಆದರೆ ಡಬ್ಬಿ ಕೂಗದೆ ಔಷಧಿ ಕೊಡುವಂತಿಲ್ಲ ಎಂಬುದು ಅವರಿಗೆ ಮಾಲೀಕರ ಆಜ್ಞೆ. ಇನ್ನೊಮ್ಮೆ ಕೊಡೋಣವೆಂದರೆ ಅಜ್ಜಿಯ ಖಾತೆಯಲ್ಲಿ ಉಳಿದದ್ದು ಅಷ್ಟಿಲ್ಲ. ಬರಿಗೈಯಲ್ಲಿ ಮನೆಗೆ ಬಂದು ನಮ್ಮ ಬಾಗಿಲು ತಟ್ಟಿದರು.

“ಏನಪ್ಪಾ, ನೀನು ಇದೇ ಕೆಲಸ ಮಾಡೋನಲ್ವಾ? ದುಡ್ಡು ಅಂಗಡಿಗೂ ಹೋಗಿಲ್ಲ, ನನ್ನ ಹತ್ರಾನೂ ಇಲ್ಲ. ಹಾಗಿದ್ರೆ ಎಲ್ಲಿದೆ?”

“ದಾರೀಲಿದೆ ಅಮ್ಮಾ, ವಾಪಸ್ ಬರುತ್ತೆ.”

“ಯಾವ ದಾರೀಲಿ? ಯಾವತ್ತು ಬರುತ್ತೆ? ಅದನ್ನ ಅದು ಹೇಳಬಾರದಾ?”

ಇನ್ಸುಲಿನ್ ಅಂದೇ ಬಂತು, ಅದು ಕಷ್ಟದ ವಿಷಯವಲ್ಲ. ಹಣ ಐದನೆಯ ದಿನ ಬಂತು. ಆ ನಾಲ್ಕು ದಿನ ಅಜ್ಜಿ ಬೆಳಿಗ್ಗೆ ಸಂಜೆ ಮೊಬೈಲ್ ತೆರೆದು ನೋಡಿದರು. ಬ್ಯಾಂಕಿನ ಸಹಾಯವಾಣಿಯಲ್ಲಿ ತಮಿಳು, ಹಿಂದಿ, ಇಂಗ್ಲಿಷ್ ಇತ್ತು. ಮೂರರಲ್ಲಿ ಯಾವುದನ್ನು ಒತ್ತಿದರೂ ಕೊನೆಗೆ ಸಿಕ್ಕಿದ್ದು ಸಂಗೀತ.

ಅಜ್ಜಿಯ ಪ್ರಶ್ನೆಗೆ ಉತ್ತರ ನಿಜವಾಗಿಯೂ ಇದೆ. ನಾವು ಯುಪಿಐನಲ್ಲಿ ಹಣ ಕಳಿಸಿದಾಗ ಆ್ಯಪ್ ನೇರವಾಗಿ ಅಂಗಡಿಗೆ ಕೊಡುವುದಿಲ್ಲ. ಆ್ಯಪಿನ ಹಿಂದಿರುವ ಬ್ಯಾಂಕು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್‌ಗೆ, ಅಂದರೆ ಎನ್‌ಪಿಸಿಐಗೆ, ಕೋರಿಕೆ ಕಳಿಸುತ್ತದೆ. ಎನ್‌ಪಿಸಿಐ ನಮ್ಮ ಖಾತೆಯಿರುವ ಬ್ಯಾಂಕಿಗೆ ‘ಇಷ್ಟು ಕಳೆ’ ಎನ್ನುತ್ತದೆ. ಅದು ಕಳೆದ ಮೇಲೆ ಅಂಗಡಿಯವರ ಬ್ಯಾಂಕಿಗೆ ‘ಇಷ್ಟು ಕೂಡಿಸು’ ಎನ್ನುತ್ತದೆ. ಅಲ್ಲಿಂದ ‘ಆಯಿತು’ ಎಂಬ ಮರುಮಾತು ಬಂದರೆ ನಮಗೆ ಹಸಿರು ಗುರುತು, ಅಂಗಡಿಯ ಡಬ್ಬಿಗೆ ಧ್ವನಿ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ. ತೊಂದರೆ ಹುಟ್ಟುವುದು ಕಳೆಯುವ ಕೆಲಸ ಮುಗಿದು, ಕೂಡಿಸುವ ಬ್ಯಾಂಕಿನಿಂದ ಮರುಮಾತು ಬಾರದೆ ಇದ್ದಾಗ. ಅದು ಕೂಡಿಸಿಯೂ ಹೇಳದೆ ಇರಬಹುದು. ಕೂಡಿಸದೆಯೂ ಇರಬಹುದು. ಆ ಕ್ಷಣದಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆಮೇಲೆ ಬ್ಯಾಂಕುಗಳ ನಡುವೆ ಲೆಕ್ಕ ತಾಳೆ ನೋಡಿದಾಗಲೇ ಗೊತ್ತಾಗುವುದು.

9,000 ಕೋಟಿ ಬೇಗ ವಾಪಸಾದದ್ದಕ್ಕೆ ಕಾರಣವೂ ಇಲ್ಲೇ ಇದೆ. ಅದು ಬ್ಯಾಂಕಿನ ಸ್ವಂತ ಪುಸ್ತಕದೊಳಗಿನ ತಪ್ಪು. ಒಂದು ಸಾಲು ಬರೆದದ್ದನ್ನು ಇನ್ನೊಂದು ಸಾಲಿನಲ್ಲಿ ಹೊಡೆದುಹಾಕಿದರೆ ಮುಗಿಯಿತು. ಅಜ್ಜಿಯ ಹಣ ಎರಡು ಬ್ಯಾಂಕುಗಳ ಪುಸ್ತಕಗಳ ನಡುವೆ ಸಿಕ್ಕಿಕೊಂಡದ್ದು. ಆದ್ದರಿಂದ ಇದರಲ್ಲಿ ಬರೀ ಬ್ಯಾಂಕಿನ ಕೆಟ್ಟತನ ಹುಡುಕುವುದು ಸರಿಯಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಬ್ಯಾಂಕಿಗೆ ತನ್ನ ಹಣ ಎಲ್ಲಿದೆ ಎಂದು ನೋಡುವ ಕಿಟಕಿ ಇದೆ, ಅಜ್ಜಿಗೆ ಇಲ್ಲ. ಹಣ ಐದು ದಿನ ತಡವಾಗುವುದನ್ನು ಸಹಿಸಬಹುದು. ಐದು ದಿನ ಏನೂ ತಿಳಿಯದೆ ಇರುವುದು ಬೇರೆ ಸಂಕಟ. ಮೊದಲನೆಯದು ಸರ್ವರಿನ ಸಮಸ್ಯೆ, ಎರಡನೆಯದು ಪರದೆಯ ಸಮಸ್ಯೆ.

ನಮ್ಮ ವೃತ್ತಿಯಲ್ಲಿ ಬಹುಪಾಲು ಪರೀಕ್ಷೆಗಳು ನಡೆಯುವುದು ಎರಡು ಸ್ಥಿತಿಗಳಿಗೆ: ಆಯಿತು, ಆಗಲಿಲ್ಲ. ಹಣದ ವ್ಯವಹಾರದಲ್ಲಿ ಮೂರನೆಯದೊಂದು ಇದೆ: ಗೊತ್ತಿಲ್ಲ. ಈ ಮೂರನೆಯದನ್ನು ಪ್ರಾಮಾಣಿಕವಾಗಿ ತೋರಿಸುವುದೇ ಬ್ಯಾಂಕಿಂಗ್ ತಂತ್ರಾಂಶದ ಗುಣಮಟ್ಟದ ನಿಜವಾದ ಅಳತೆ. ಗೊತ್ತಿಲ್ಲದ್ದನ್ನು ‘ಆಗಲಿಲ್ಲ’ ಎಂದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಯೂಕೋ ಬ್ಯಾಂಕಿನ ಪ್ರಕರಣ ಕಣ್ಣೆದುರಿಗಿದೆ. 2023ರ ನವೆಂಬರ್ 10ರಿಂದ 13ರವರೆಗೆ, ದೀಪಾವಳಿಯ ದಿನಗಳಲ್ಲಿ, ಬೇರೆ ಬ್ಯಾಂಕುಗಳಿಂದ ಐಎಂಪಿಎಸ್ ಮೂಲಕ ಕಳಿಸಿದ ವ್ಯವಹಾರಗಳು ಕಳಿಸಿದವರ ಕಡೆ ‘ವಿಫಲ’ ಎಂದು ದಾಖಲಾದವು, ಯೂಕೋ ಬ್ಯಾಂಕಿನ ಖಾತೆಗಳಿಗೆ ಮಾತ್ರ ಹಣ ಜಮಾ ಆಗುತ್ತಲೇ ಹೋಯಿತು. ಒಟ್ಟು ಸುಮಾರು 820 ಕೋಟಿ ರೂಪಾಯಿ. ಕೆಲವೇ ದಿನಗಳಲ್ಲಿ 649 ಕೋಟಿ ವಸೂಲಾಯಿತು, ಉಳಿದದ್ದಕ್ಕೆ ಸಿಬಿಐ ತನಿಖೆಯೇ ಬೇಕಾಯಿತು.

ದೋಷ ಸರ್ವರಿನಲ್ಲೇ ಇರಬೇಕೆಂದಿಲ್ಲ, ಪರದೆಯ ಮೇಲಿನ ಮೂರು ಚೌಕಗಳಲ್ಲೂ ಇರಬಹುದು. 2020ರ ಆಗಸ್ಟ್ 11ರಂದು ಸಿಟಿಬ್ಯಾಂಕ್, ರೆವ್ಲಾನ್ ಕಂಪನಿಯ ಪರವಾಗಿ ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್, ಅದೂ ಬ್ಯಾಂಕಿನ ಸ್ವಂತ ಹಣ. ಬಳಸಿದ ತಂತ್ರಾಂಶ ಫ್ಲೆಕ್ಸ್‌ಕ್ಯೂಬ್, ನಮ್ಮ ದೇಶದ ಐ-ಫ್ಲೆಕ್ಸ್ ಕಂಪನಿಯಲ್ಲಿ ಹುಟ್ಟಿ ಮುಂದೆ ಒರಾಕಲ್ ಕೈಸೇರಿದ್ದು. ಅಸಲು ಹೊರಗೆ ಹೋಗದಂತೆ ತಡೆಯಲು ಮೂರು ಚೌಕಗಳನ್ನು ತುಂಬಬೇಕಿತ್ತು, ತುಂಬಿದ್ದು ಒಂದನ್ನು. ಒಬ್ಬರಲ್ಲ, ಮೂವರು ನೋಡಿ ಒಪ್ಪಿಗೆ ಕೊಟ್ಟಿದ್ದರು. ಪರದೆ ‘ನೀವು ಇಷ್ಟು ಹಣವನ್ನು ಬ್ಯಾಂಕಿನ ಹೊರಗೆ ಕಳಿಸುತ್ತಿದ್ದೀರಿ’ ಎಂದು ನೇರ ಮಾತಿನಲ್ಲಿ ಹೇಳಿದ್ದರೆ ಮೂವರಲ್ಲಿ ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರು. ಸುಮಾರು 50 ಕೋಟಿ ಡಾಲರನ್ನು ಸಾಲದಾತರು ವಾಪಸ್ ಕೊಡಬೇಕಿಲ್ಲ ಎಂದು 2021ರಲ್ಲಿ ನ್ಯಾಯಾಲಯ ಹೇಳಿತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಗುವಷ್ಟರಲ್ಲಿ 2022ರ ಸೆಪ್ಟೆಂಬರ್ ಬಂದಿತ್ತು. ಮೂರು ಚೌಕಗಳ ಬೆಲೆ ಎರಡು ವರ್ಷದ ಕೋರ್ಟು ಅಲೆದಾಟ!

ಅಷ್ಟು ಓದಿದ, ಅದೇ ಕೆಲಸದ ತರಬೇತಿ ಪಡೆದ ಮೂವರಿಗೆ ಪರದೆ ಅರ್ಥವಾಗಲಿಲ್ಲ ಎಂದ ಮೇಲೆ ನಮ್ಮ ಅಮ್ಮಂದಿರು, ಅಜ್ಜಂದಿರನ್ನು ‘ನಿಮಗೆ ಮೊಬೈಲ್ ಬಳಸಲು ಬರಲ್ಲ’ ಎಂದು ಗದರುವ ಹಕ್ಕು ನಮಗೆಲ್ಲಿಂದ ಬಂತು?

ಯುಪಿಐನಲ್ಲಿ ‘ಹಣ ಕೇಳುವ’ ಸೌಲಭ್ಯವೊಂದಿತ್ತು. ನಾನು ನಿಮಗೆ 500 ರೂಪಾಯಿ ಕೋರಿಕೆ ಕಳಿಸಿದರೆ, ನೀವು ಪಿನ್ ಒತ್ತಿದ ಕೂಡಲೇ ಹಣ ನನಗೆ ಬರುತ್ತಿತ್ತು. ಮೋಸಗಾರರು ಇದನ್ನು ತಿರುಗಿಸಿದರು. ‘ನಿಮ್ಮ ಹಳೇ ಸೋಫಾ ಕೊಳ್ಳುತ್ತೇನೆ, ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ’ ಎನ್ನುತ್ತಿದ್ದರು. ಪರದೆಯ ಮೇಲೆ ಮೊತ್ತ ದೊಡ್ಡದಾಗಿ ಕಾಣುತ್ತಿತ್ತು. ಹಣ ಬರುವುದೋ ಹೋಗುವುದೋ ಎಂಬುದು ಸಣ್ಣ ಅಕ್ಷರದಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ. ‘ಹಣ ಪಡೆಯಲು ಪಿನ್ ಬೇಕಿಲ್ಲ’ ಎಂದು ವರ್ಷಗಟ್ಟಲೆ ಜಾಹೀರಾತು ಕೊಟ್ಟರು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕೋರಿಕೆ ಕಳಿಸುವುದನ್ನೇ ನಿಲ್ಲಿಸಿದರು. ಜನರನ್ನು ಎಚ್ಚರಿಸಿ ಎಚ್ಚರಿಸಿ ಸೋತ ಮೇಲೆ ಪರದೆಯನ್ನೇ ಬದಲಿಸಿದ ಕಥೆ ಇದು. ಮೊದಲೇ ಪರದೆ ಬದಲಿಸಿದ್ದರೆ ಎಷ್ಟು ಮನೆಗಳ ದುಡ್ಡು ಉಳಿಯುತ್ತಿತ್ತೋ!

ಭಾಷೆಯ ಮಾತು ಬಂತು. ಗೂಗಲ್ ಪೇ, ಫೋನ್‌ಪೇ, ಭೀಮ್ ಮೂರರಲ್ಲೂ ಕನ್ನಡ ಆರಿಸಿಕೊಳ್ಳಬಹುದು. ಚೆನ್ನೈನ ಎಟಿಎಂ ಕನ್ನಡ ಮಾತಾಡಬೇಕೆಂದು ನಾನು ಹಟ ಹಿಡಿಯುವವನಲ್ಲ, ಅದು ತಮಿಳಿನ ಊರು. ಆದರೆ ಮೊಬೈಲ್ ನಮ್ಮ ಕೈಯಲ್ಲಿದೆ, ಅದು ಊರನ್ನು ನೋಡಿ ಭಾಷೆ ಆರಿಸಬೇಕಿಲ್ಲ. ನಾನು ಕಂಡಂತೆ, ಕನ್ನಡ ಆರಿಸಿದರೂ ಸುಖದ ದಾರಿ ಮಾತ್ರ ಕನ್ನಡದಲ್ಲಿ ಇರುತ್ತದೆ. ‘ಹಣ ಕಳಿಸಿ’, ‘ಯಶಸ್ವಿಯಾಗಿದೆ’ ಎಂಬಲ್ಲಿಯವರೆಗೆ ಕನ್ನಡ. ಎಡವಿದ ಕೂಡಲೇ ಇಂಗ್ಲಿಷ್, ಜೊತೆಗೊಂದು ಅರ್ಥವಾಗದ ಸಂಕೇತಸಂಖ್ಯೆ. ಕಾರಣ ಸರಳ: ದೋಷದ ಸಂದೇಶ ಬರುವುದು ಹಿಂದಿನ ಸರ್ವರಿನಿಂದ, ಅನುವಾದಕರ ಕೈಗೆ ಕೊಟ್ಟದ್ದು ಮುಂದಿನ ಪರದೆಗಳನ್ನು. ಭಯವಾದಾಗ ಮನುಷ್ಯ ತಾಯ್ನುಡಿಗೆ ಓಡುತ್ತಾನೆ, ತಂತ್ರಾಂಶ ಸರಿಯಾಗಿ ಆ ಹೊತ್ತಿಗೇ ಅವನ ತಾಯ್ನುಡಿಯನ್ನು ಬಿಟ್ಟು ಓಡುತ್ತದೆ. ‘ಪೆಂಡಿಂಗ್’ ಎಂಬಲ್ಲಿ ‘ನಿಮ್ಮ ಖಾತೆಯಿಂದ ಹಣ ಕಳೆದಿದೆ. ಅಂಗಡಿಗೆ ತಲುಪಿತೋ ಇಲ್ಲವೋ ಇನ್ನೂ ತಿಳಿದಿಲ್ಲ. ತಲುಪದಿದ್ದರೆ ಇಂಥ ತಾರೀಖಿನೊಳಗೆ ನಿಮಗೇ ವಾಪಸ್ ಬರುತ್ತದೆ. ಈಗ ಮತ್ತೆ ಕಳಿಸಬೇಡಿ’ ಎಂದು ನಾಲ್ಕು ವಾಕ್ಯ ಬರೆದರೆ ಅಜ್ಜಿಯ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತಿತ್ತು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ.

ಇದು ಬರೀ ಸೌಜನ್ಯದ ವಿಷಯ ಎಂದುಕೊಳ್ಳಬೇಡಿ. ಏನಾಯಿತು ಎಂದು ಹೇಳದೆ ಇದ್ದರೆ ವ್ಯವಸ್ಥೆಗೇ ಪೆಟ್ಟು. 2025ರ ಏಪ್ರಿಲ್ 12ರ ಶನಿವಾರ ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತೊಳಲಾಡಿದ್ದು ನೆನಪಿರಬಹುದು. ಎನ್‌ಪಿಸಿಐ ಹುಡುಕಿದ ಕಾರಣ ಸ್ವಾರಸ್ಯವಾಗಿದೆ. ಕೆಲವು ಬ್ಯಾಂಕುಗಳ ಕಡೆಯಿಂದ ‘ಆ ವ್ಯವಹಾರ ಏನಾಯಿತು? ಏನಾಯಿತು?’ ಎಂಬ ವಿಚಾರಣೆಗಳೇ ಪ್ರವಾಹದಂತೆ ಬಂದು ವ್ಯವಸ್ಥೆಯನ್ನು ಮುಳುಗಿಸಿದ್ದವು. ಉತ್ತರ ಬರುವ ಮುನ್ನವೇ ಮತ್ತೆ ಮತ್ತೆ ಕೇಳಿದ್ದರಿಂದ ಯಾರಿಗೂ ಉತ್ತರ ಸಿಗದಂತಾಯಿತು. ಆ ಮೇಲೆ ಸ್ಥಿತಿ ವಿಚಾರಿಸಲು ಕನಿಷ್ಠ 90 ಸೆಕೆಂಡು ಅಂತರ, ಮೂರೇ ಸಲ ಎಂಬ ಮಿತಿ ಬಂತು. 2025ರ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಎಂಬ ನಿಯಮವೂ ಬಂತು. ಅದೇ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳ ಸಂಖ್ಯೆ ತಿಂಗಳಿಗೆ 2,000 ಕೋಟಿ ದಾಟಿತು. ಇಷ್ಟು ದೊಡ್ಡ ಜಾತ್ರೆಯಲ್ಲಿ ಮಿತಿ ಬೇಕು, ಒಪ್ಪೋಣ. ಆದರೆ ಜನ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಬ್ಯಾಲೆನ್ಸ್ ನೋಡುವುದು ಏಕೆ? ಹಣ ಎಲ್ಲಿದೆಯೆಂದು ಪರದೆ ಸರಿಯಾಗಿ ಹೇಳದೆ ಇರುವುದರಿಂದ.

ಚೆನ್ನೈನವರಿಗೆ ಇನ್ನೊಂದು ಪಾಠವೂ ಸಿಕ್ಕಿದೆ. ನೋಟು ರದ್ದತಿಯಾಗಿ ತಿಂಗಳು ದಾಟಿದ್ದಷ್ಟೇ, 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಅಪ್ಪಳಿಸಿತು. ಕೈಯಲ್ಲಿ ನೋಟಿಲ್ಲ, ಕರೆಂಟಿಲ್ಲ, ಕಾರ್ಡ್ ಉಜ್ಜುವ ಯಂತ್ರಕ್ಕೆ ಜೀವವಿಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಬಂದಾಗ ವೇಳಚ್ಚೇರಿ, ಪಳ್ಳಿಕ್ಕರಣೈ ಕಡೆ ಮತ್ತೆ ಅದೇ ಪಾಡು. ಹಾಲಿನ ಪ್ಯಾಕೆಟ್ಟಿಗೂ ನೋಟೇ ಬೇಕಾಯಿತು. ಐಪ್ಪಸಿ, ಕಾರ್ತಿಕೈ ಮಳೆಗಾಲದಲ್ಲಿ ಎರಡು ಮೂರು ಸಾವಿರ ರೂಪಾಯಿ ನೋಟಿನಲ್ಲೇ ಮನೆಯಲ್ಲಿಟ್ಟುಕೊಳ್ಳುವುದು ಹಳೇಕಾಲದವರ ಅಭ್ಯಾಸವಲ್ಲ, ಜಾಣತನ.

ಕನ್ನಡಿಗರಾದ ನಮಗೆ ಒಳ್ಳೆಯ ಬ್ಯಾಂಕ್ ಸೇವೆ ಹೇಗಿರುತ್ತದೆಂದು ಬೇರೆಯವರು ಹೇಳಿಕೊಡಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಸಾಕು, ಏಜೆಂಟರು ಮನೆಬಾಗಿಲಿಗೇ ಬರುತ್ತಿದ್ದರು. ಅಕ್ಷರ ಬಾರದ ಮೀನು ಮಾರುವ ಹೆಂಗಸಿಗೂ ತನ್ನ ಎರಡಾಣೆ ಯಾರ ಕೈಗೆ ಹೋಯಿತೆಂದು ಗೊತ್ತಿರುತ್ತಿತ್ತು. ಸಂದೇಹ ಬಂದರೆ ಮರುದಿನ ಅದೇ ಮನುಷ್ಯನನ್ನು ಅದೇ ಭಾಷೆಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದ್ದವು. ಐಎಫ್‌ಎಸ್‌ಸಿ ಕೋಡು, ಚೆಕ್ ಪುಸ್ತಕ, ಆ್ಯಪ್ ಎಲ್ಲ ಬದಲಾದವು. ಆ ಏಜೆಂಟರನ್ನು ವಾಪಸ್ ತರಲಾಗದು, ತರಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಅವರು ಕೊಡುತ್ತಿದ್ದ ಆ ಭರವಸೆಯನ್ನು, ‘ನಿನ್ನ ದುಡ್ಡು ಇಲ್ಲಿದೆ’ ಎಂಬ ಮಾತನ್ನು, ಪರದೆಯಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಈಗ ಉಪಯೋಗಕ್ಕೆ ಬರುವ ನಾಲ್ಕು ಮಾತು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ಒಬ್ಬ ವ್ಯಕ್ತಿಗೆ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ನೀವು ಕೇಳದೆಯೇ. ಕೇಳದೆ ಬರಲಿಲ್ಲವಾದರೆ ಕೇಳಿ. ‘ಪೆಂಡಿಂಗ್’ ಬಂದಾಗ ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಬೇಡಿ. 12 ಅಂಕಿಯ ಯುಪಿಐ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಪರದೆಯ ಚಿತ್ರ ತೆಗೆದಿಡಿ. ಆ್ಯಪಿನಲ್ಲೇ ದೂರು ಕೊಡಿ, ಬ್ಯಾಂಕಿಗೂ ಲಿಖಿತವಾಗಿ ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448. ಮೋಸವಾಗಿದ್ದರೆ ಕಾಯಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಸಹಾಯವಾಣಿಯ ಸಂಖ್ಯೆಯನ್ನು ಮಾತ್ರ ಎಂದೂ ಗೂಗಲಿನಲ್ಲಿ ಹುಡುಕಬೇಡಿ, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ನೋಡಿ. ಅಲ್ಲಿ ಹುಡುಕಿ ಸಿಗುವ ನಂಬರುಗಳಲ್ಲಿ ಮೋಸಗಾರರದ್ದೂ ಇರುತ್ತವೆ.

ಕೊನೆಯ ಮಾತು ನನ್ನ ವೃತ್ತಿಬಾಂಧವರಿಗೆ. ಈ ಪತ್ರಿಕೆ ಓದುವ ನಮ್ಮಲ್ಲಿ ಅನೇಕರಿಗೆ ಬೆಂಗಳೂರಲ್ಲೋ, ಚೆನ್ನೈಯಲ್ಲೋ, ಹೈದರಾಬಾದಿನಲ್ಲೋ ಅನ್ನ ಕೊಡುತ್ತಿರುವುದು ಇದೇ ಬ್ಯಾಂಕುಗಳ, ಪಾವತಿ ಕಂಪನಿಗಳ ತಂತ್ರಾಂಶ. ಮುಂದಿನ ಸಲ ಬಿಡುಗಡೆಗೆ ಮುಂಚೆ ಪರೀಕ್ಷೆಯ ಪಟ್ಟಿ ಬರೆಯುವಾಗ ಒಂದು ಸಾಲು ಸೇರಿಸಿ: ಹಣ ಕಳೆದು, ಮರುಮಾತು ಬಾರದೆ, ಪರದೆಯ ಭಾಷೆ ಕನ್ನಡವಾಗಿದ್ದಾಗ ಏನು ಕಾಣುತ್ತದೆ? ಅದನ್ನು ಓದಿ ನಿಮ್ಮ ಅಮ್ಮನಿಗೆ ಹಣ ಎಲ್ಲಿದೆಯೆಂದು ತಿಳಿಯದಿದ್ದರೆ ಅದನ್ನು ದೋಷವೆಂದೇ ದಾಖಲಿಸಿ. ಮ್ಯಾನೇಜರ್ ‘ಇದು ಬರೀ ಪಠ್ಯದ ವಿಷಯ, ಆಮೇಲೆ ನೋಡೋಣ’ ಎಂದರೆ ಒಪ್ಪಬೇಡಿ.

ನಿಮ್ಮ ಊರಿನ ಇಂಥ ಅನುಭವಗಳಿದ್ದರೆ ಬರೆದು ಕಳಿಸಿ, ಖಾತೆ ಸಂಖ್ಯೆ ಬಿಟ್ಟು!